ತೋಟದ ಬ್ಲಾಕ್ಸ್: ಮಗಳಿಗೆ ಪೂರ್ತಿ ಇಷ್ಟ, ನನಗೆ ಮುಕ್ಕಾಲು

ನಾಲ್ಕು ವರ್ಷದ ಮಗಳಿಗೆ ಅಂತ ತೋಟ ಕಟ್ಟುವ ಬ್ಲಾಕ್ಸ್ ಸೆಟ್ ತರಿಸಿದೆ. ಹೂವು, ಕ್ಯಾರೆಟ್, ಬೇಲಿ, ಪುಟ್ಟದೊಂದು ನೀರಿನ ಕ್ಯಾನ್ ಇವೆ. ಇಟ್ಟಿಗೆಗಳು ಡೂಪ್ಲೋ ಅಳತೆಯವು, ಅಂದರೆ ಮಾಮೂಲಿ ಲೆಗೋಗಿಂತ ಉದ್ದ, ಅಗಲ, ಎತ್ತರ ಮೂರೂ 2 ಪಟ್ಟು. ಪುಟ್ಟ ಕೈಗೆ ಸಲೀಸು.

ಜೊತೆಗೆ ಬಂದ ಚಿತ್ರದ ಕಾರ್ಡ್ ನೋಡಿ ಕೆಂಪು, ಹಳದಿ, ಕೆಂಪು ಅಂತ ಸಾಲು ಜೋಡಿಸಬೇಕು. ಅದನ್ನು ಎರಡೇ ದಿನ ಮಾಡಿದಳು. ಆಮೇಲೆ ಕಾರ್ಡ್ ಎಸೆದು ಅಜ್ಜಿ ಮನೆ ಹಿತ್ತಲು ಕಟ್ಟಿ, ಕ್ಯಾರೆಟ್‌ಗಳನ್ನು ತಲೆಕೆಳಗಾಗಿ ನೆಟ್ಟು, ನಿಜವಾದ ನೀರೇ ಸುರಿದು, ಯಾಕೆ ಬೆಳೀತಿಲ್ಲ ಅಂತ ನನ್ನನ್ನೇ ಗದರಿಸಿದಳು! ಕೊನೆಗೆ ಪಕ್ಕದಲ್ಲೇ ಒಂದು ಡಬ್ಬಿಯಲ್ಲಿ ಮೆಂತ್ಯ ಹಾಕಿಕೊಟ್ಟೆ. ಮೂರನೇ ದಿನಕ್ಕೆ ಮೊಳಕೆ ಬಂತು. ಈಗ ಆ ಡಬ್ಬಿಗೆ ಬ್ಲಾಕ್ಸ್ ಬೇಲಿ. ನಿಜ ಹೇಳಬೇಕಂದರೆ ಸೆಟ್‌ಗಿಂತ ಇದೇ ಜಾಸ್ತಿ ಚೆನ್ನಾಗಿದೆ.

ಬೇಸರ ಅಂದರೆ ಹೂವಿನ ಎಸಳು. ವಾರದೊಳಗೆ ಎರಡು ಮುರಿದವು, ಮಾರಿದವರು ಉತ್ತರಾನೇ ಕೊಡಲಿಲ್ಲ. ಮುರಿದ ಚೂರು ಚಿಕ್ಕದು, ಮನೆಯಲ್ಲಿ ಇನ್ನೂ ಸಣ್ಣ ಮಗು ಇದ್ದರೆ ಹುಷಾರು. ತಗೊಳ್ಳುವ ಮುಂಚೆ ಡಬ್ಬದ ಮೇಲೆ ಐಎಸ್‌ಐ ಗುರುತು ನೋಡಿ, 2021ರಿಂದ ಆಟಿಕೆಗಳಿಗೆ ಅದು ಕಡ್ಡಾಯ ಅಲ್ವಾ. ಐದಕ್ಕೆ ಮೂರೂವರೆ ಕೊಡ್ತೀನಿ.