ಕೊಂಬಿನ ಸೈಕಲ್: ಏರೋಬಾರ್ ಜೊತೆ ಮೂರು ವರ್ಷ

ಶಿಡ್ಲಘಟ್ಟ ರಸ್ತೆಯ ಟೀ ಅಂಗಡಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ‘ಕೊಂಬಿನ ಸೈಕಲ್ ಯಜಮಾನ್ರು ಬಂದ್ರು’ ಅಂತಾರೆ. ಹ್ಯಾಂಡಲ್ ಮೇಲಿಂದ ಮುಂದಕ್ಕೆ ಚಾಚಿಕೊಂಡಿರುವ ಎರಡು ಕೊಳವೆಗಳೇ ಆ ಕೊಂಬು. ಕ್ಲಿಪ್-ಆನ್ ಏರೋಬಾರ್ ಅಂತ ಅದರ ಹೆಸರು. ಮೊಣಕೈ ಊರಲು ಎರಡು ಮೆತ್ತೆ, ಹಿಡಿಯಲು ಎರಡು ಕೊಳವೆ, ಹ್ಯಾಂಡಲ್ಲಿಗೆ ಕಚ್ಚಿಸಲು ಎರಡು ಕ್ಲಾಂಪ್. ಇಷ್ಟೇ ಸಾಮಾನು. ಮೂರು ವರ್ಷದ ಹಿಂದೆ ಐದೂವರೆ ಸಾವಿರ ಕೊಟ್ಟು ತಂದೆ. ಆಗ ನನಗೆ 61, ಈಗ 64. ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳಬೇಕಾಗಿರುವುದು ಸಾಮಾನಿಗಿಂತ ಜಾಸ್ತಿ ಅದನ್ನು ಕೂರಿಸುವ ಎತ್ತರದ ಬಗ್ಗೆ.

ಚಿಕ್ಕಬಳ್ಳಾಪುರದಲ್ಲಿ ಸೈಕಲ್ ತುಳಿಯುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ ಮಾತು: ‘ನಂದಿ ಬೆಟ್ಟ ಹತ್ತಿದ್ರಾ?’ ಹತ್ತಿದ್ದೇನೆ. ಮಂಡಿ ಬೇಡ ಅಂತು, ಬಿಟ್ಟೆ. ನನಗೆ ಹಿಡಿಸಿದ್ದು ಟೈಂ ಟ್ರಯಲ್, ಅಂದರೆ ಒಬ್ಬೊಬ್ಬರನ್ನೇ ಬಿಟ್ಟು ಸಮಯ ಅಳೆಯುವ ರೇಸ್. ಯಾರ ಹಿಂದೆಯೂ ಅಂಟಿಕೊಳ್ಳುವ ಹಾಗಿಲ್ಲ, ಯಾರ ಜೊತೆಗೂ ಜಿದ್ದಿಲ್ಲ. ನೀವು ಮತ್ತು ಗಡಿಯಾರ. ನನ್ನ ದಾರಿ ಊರಾಚೆಯಿಂದ ಶಿಡ್ಲಘಟ್ಟದ ಕಡೆ ಹತ್ತು ಕಿಲೋಮೀಟರ್, ತಿರುಗಿ ಹತ್ತು. ಬೆಳಿಗ್ಗೆ ಆರಕ್ಕೆಲ್ಲ ಹೊರಡಬೇಕು. ತಡವಾದರೆ ರೇಷ್ಮೆ ಗೂಡಿನ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಓಡುವ ಮೊಪೆಡ್‌ಗಳ ಮಧ್ಯೆ ಸಿಕ್ಕಿಕೊಳ್ಳುತ್ತೇವೆ. ಅವರಿಗೆ ನಮಗಿಂತ ಅವಸರ.

ಕೊಂಬು ಯಾಕೆ ಬೇಕು ಅಂದರೆ, ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟರಷ್ಟು. ಸಮತಟ್ಟು ರಸ್ತೆಯಲ್ಲಿ ಮೂವತ್ತರ ವೇಗ ಮುಟ್ಟಿದಾಗ ನಮ್ಮ ಶ್ರಮದಲ್ಲಿ ಬಹುಪಾಲು ಗಾಳಿಗೇ ಹೋಗುತ್ತದೆ. ಅದರಲ್ಲೂ ಗಾಳಿಗೆ ಅಡ್ಡ ಬರುವುದು ಸೈಕಲ್ಲಿಗಿಂತ ಮೈ ಜಾಸ್ತಿ. ಮೊಣಕೈ ಒಳಗೆ ತಂದು ಮೈ ಕಿರಿದು ಮಾಡಿಕೊಂಡರೆ ಅಷ್ಟರ ಮಟ್ಟಿಗೆ ಬಿಟ್ಟಿ ವೇಗ. 1989ರ ಟೂರ್ ಡಿ ಫ್ರಾನ್ಸ್, ಫ್ರಾನ್ಸಿನ ಮೂರು ವಾರದ ಆ ದೊಡ್ಡ ಸೈಕಲ್ ರೇಸ್, ನೆನಪಿದೆ ಅಲ್ವಾ? ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಂ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ ಒಟ್ಟು ಸಮಯದಲ್ಲಿ, ಮೊದಲ ಸ್ಥಾನದಲ್ಲಿದ್ದ ಫ್ರಾನ್ಸಿನ ಲಾರೆಂ ಫಿನ್ಯೊನ್‌ಗಿಂತ 50 ಸೆಕೆಂಡ್ ಹಿಂದಿದ್ದರು. ಇಂಥದ್ದೇ ಬಾರ್ ಹಾಕಿಕೊಂಡು ತುಳಿದು, ಇಡೀ ಟೂರನ್ನೇ 8 ಸೆಕೆಂಡಿನಲ್ಲಿ ಗೆದ್ದರು. ಸೋತ ಫಿನ್ಯೊನ್ ಸೈಕಲ್ಲಿಗೆ ಕೊಂಬಿರಲಿಲ್ಲ. ತಲೆಗೆ ಹೆಲ್ಮೆಟ್ಟೂ ಇರಲಿಲ್ಲ, ಜುಟ್ಟು ಹಾರಿಸಿಕೊಂಡು ಹೋದರು ಪಾಪ.

ನಾನೂ ಅದೇ ಹುಮ್ಮಸ್ಸಿನಲ್ಲಿ ತಂದೆ. ಕೊಂಬಿಲ್ಲದೆ ನನ್ನ ಇಪ್ಪತ್ತು ಕಿಲೋಮೀಟರಿನ ಸಮಯ 41 ನಿಮಿಷ. ಬೆಂಗಳೂರಿನ ಅಂಗಡಿಯೊಂದರಲ್ಲಿ ಹಾಕಿಸಿದೆ. ಅಲ್ಲಿನ ಹುಡುಗ ಬಾರನ್ನು ಎಷ್ಟು ಕೆಳಗೆ ಹೋಗುತ್ತೋ ಅಷ್ಟೂ ಇಳಿಸಿಬಿಟ್ಟ. ‘ಲೋ ಇದ್ದಷ್ಟೂ ಫಾಸ್ಟ್ ಅಂಕಲ್’ ಅಂದ. ಅವನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಅವನ ಬೆನ್ನು ರಬ್ಬರು.

ಎರಡು ತಿಂಗಳು ಹಾಗೇ ತುಳಿದೆ. ಮೊಣಕಾಲು ಪ್ರತಿ ಸುತ್ತಿಗೂ ಹೊಟ್ಟೆಗೆ ಬಡಿಯುತ್ತಿತ್ತು. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಸಮಯ ನೋಡಿದರೆ 40 ನಿಮಿಷ 10 ಸೆಕೆಂಡ್. ಐದೂವರೆ ಸಾವಿರಕ್ಕೆ ಐವತ್ತು ಸೆಕೆಂಡು! ಏನೋ ತಪ್ಪಿದೆ ಅನ್ನಿಸಿತು. ಒಂದು ಭಾನುವಾರ ಅಳಿಯ ಸ್ಕೂಟರ್ ಓಡಿಸಿದ, ಮೊಮ್ಮಗ ಹಿಂದೆ ಕೂತು ಉದ್ದಕ್ಕೂ ವಿಡಿಯೋ ತೆಗೆದ. ಮನೆಗೆ ಬಂದು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು, ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ನಲವತ್ತು ನಿಮಿಷದಲ್ಲಿ ನಾನು ಕೊಂಬು ಹಿಡಿದದ್ದು ಹದಿನೇಳೇ ನಿಮಿಷ. ಮಿಕ್ಕ ಹೊತ್ತೆಲ್ಲ ಎದ್ದು ಕೂತು ಕತ್ತು ತಿರುಗಿಸುವುದು, ಬೆನ್ನು ನೆಟ್ಟಗೆ ಮಾಡುವುದು, ಬ್ರೇಕಿನ ಮೇಲೆ ಕೈ ಇಟ್ಟು ಸುಧಾರಿಸಿಕೊಳ್ಳುವುದು. ‘ತಾತ, ನೀನು ನಮಸ್ಕಾರ ಮಾಡಿ ಮಾಡಿ ಏಳ್ತಿದ್ದೀಯ’ ಅಂದ ಮೊಮ್ಮಗ.

ಆವತ್ತೇ ಸ್ಪೇಸರ್ ತರಿಸಿದೆ. ಮೆತ್ತೆಯ ಕೆಳಗೆ ಕೂರಿಸುವ ಬಿಲ್ಲೆಗಳು ಅವು. ಒಂದೊಂದೇ ಸೇರಿಸುತ್ತಾ ಹೋಗಿ, ನಾಲ್ಕು ಸೆಂಟಿಮೀಟರ್ ಎತ್ತರಿಸಿದ ಮೇಲೆ ಮೊಣಕಾಲು ಹೊಟ್ಟೆಯನ್ನು ಬಿಟ್ಟಿತು. ಉಸಿರು ಆಳಕ್ಕೆ ಇಳಿಯಿತು. ನೋಡುವವರಿಗೆ ‘ಇದೇನು ಇಷ್ಟು ಎತ್ತರ’ ಅನ್ನಿಸಬಹುದು, ಅನ್ನಿಸಲಿ. ತಿರುಗುವ ಜಾಗ ಮತ್ತು ಹಂಪ್ಸ್ ಬಿಟ್ಟರೆ ಈಗ ದಾರಿ ಪೂರ್ತಿ ಮೊಣಕೈ ಮೆತ್ತೆ ಮೇಲೇ ಇರುತ್ತದೆ. ಆ ಚಳಿಗಾಲದಲ್ಲಿ 38 ನಿಮಿಷ 20 ಸೆಕೆಂಡ್ ಬಂತು. ಅದಕ್ಕಿಂತ ಕಮ್ಮಿ ಇನ್ನೂ ಬಂದಿಲ್ಲ. ಅಂದರೆ ನನ್ನ ವಿಷಯದಲ್ಲಿ ವೇಗ ಬಂದದ್ದು ತಗ್ಗಿದ್ದರಿಂದ ಅಲ್ಲ, ಬಾರು ಎತ್ತಿದ್ದರಿಂದ. ಹದಿನೇಳು ನಿಮಿಷ ಪಾತಾಳದಲ್ಲಿ ಇರುವುದಕ್ಕಿಂತ ಮೂವತ್ತೈದು ನಿಮಿಷ ಅರ್ಧ ಬಗ್ಗಿರುವುದು ಲಾಭ.

ಕೊಳವೆಯ ಆಕಾರವೂ ಬದಲಾಯಿಸಿದೆ. ಮೊದಲು ಬಂದದ್ದು ಎಸ್ ಥರ ಬಳುಕಿದ್ದು. ಹಿಡಿ ಹೆಚ್ಚುಕಮ್ಮಿ ಅಡ್ಡಕ್ಕೇ ಇರುತ್ತದೆ, ಮಣಿಕಟ್ಟು ಕೆಳಕ್ಕೆ ಮುರಿದ ಹಾಗೆ. ಹತ್ತೇ ನಿಮಿಷಕ್ಕೆ ನೋವು. ತುದಿ ಮೇಲಕ್ಕೆ ಎದ್ದಿರುವ ಕೊಳವೆ ಹಾಕಿಸಿದ ಮೇಲೆ ಸರಿಹೋಯಿತು.

ಈಗ ಕನ್ನಡಕದ ಕಥೆ. ಇದನ್ನು ಯಾವ ವಿಮರ್ಶೆಯಲ್ಲೂ ನಾನು ಓದಿರಲಿಲ್ಲ, ಬರೆಯುವವರೆಲ್ಲ ಚಿಕ್ಕವರು ಅಂತ ಕಾಣುತ್ತದೆ. ತಲೆ ತಗ್ಗಿಸಿದಾಗ ರಸ್ತೆ ಕಾಣಬೇಕಾದ್ದು ಗಾಜಿನ ಮೇಲಿನ ಅಂಚಿನಲ್ಲಿ. ದೂರಕ್ಕೂ ಓದುವುದಕ್ಕೂ ಒಂದೇ ಗಾಜಿರುವ ನನ್ನ ಪ್ರೋಗ್ರೆಸಿವ್ ಕನ್ನಡಕದ ದಪ್ಪ ಕಪ್ಪು ಫ್ರೇಮು ಸರಿಯಾಗಿ ಅಲ್ಲೇ ಅಡ್ಡ. ಐವತ್ತು ಅಡಿ ಮುಂದಿನ ಗುಂಡಿ ಫ್ರೇಮಿನ ಹಿಂದೆ ಅಡಗಿ, ಚಕ್ರದ ಕೆಳಗೆ ಪ್ರತ್ಯಕ್ಷವಾಗುತ್ತಿತ್ತು. ಕತ್ತು ಜಾಸ್ತಿ ಎತ್ತೋಣ ಅಂದರೆ, ನನಗೆ ಮೊದಲೇ ಕತ್ತಿನ ಮೂಳೆ ಸವೆತ. ಕೊನೆಗೆ ಮೇಲುಗಡೆ ಫ್ರೇಮೇ ಇಲ್ಲದ, ಹಣೆಯವರೆಗೆ ಬರುವ ಗಾಜಿನ ಕನ್ನಡಕ ಬರೀ ದೂರದ ಪವರ್‌ಗೆ ಮಾಡಿಸಿದೆ. ಅದಕ್ಕೆ ಖರ್ಚಾದದ್ದು ಬಾರಿಗಿಂತ ಜಾಸ್ತಿ.

ಇನ್ನೊಂದು ವಿಷಯ ಹೇಳಲು ಸ್ವಲ್ಪ ಮುಜುಗರ, ಆದರೂ ಹೇಳಬೇಕು. ಮುಂದಕ್ಕೆ ಬಗ್ಗಿದಾಗ ಸೊಂಟದ ಮೂಳೆ ಮುಂದಕ್ಕೆ ಉರುಳುತ್ತದೆ. ಕೂರುವ ಮೂಳೆಯ ಮೇಲಿದ್ದ ಭಾರ ಮುಂಭಾಗದ ಮೆತ್ತನೆ ಜಾಗಕ್ಕೆ ಬೀಳುತ್ತದೆ. ಅಲ್ಲಿನ ನರ, ರಕ್ತನಾಳ ಒತ್ತಿ ಜೋಮು ಹಿಡಿಯುತ್ತದೆ. ‘ಅಭ್ಯಾಸ ಆಗುತ್ತೆ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಈ ವಯಸ್ಸಿನಲ್ಲಿ ಪ್ರಾಸ್ಟೇಟ್ ತೊಂದರೆ ಇದ್ದರಂತೂ ಡಾಕ್ಟರ ಹತ್ತಿರ ಮಾತಾಡಿಯೇ ಶುರು ಮಾಡಿ. ನಾನು ಮೂತಿ ಸೀಳಿರುವ ಸೀಟು ಹಾಕಿಸಿ, ಅದರ ತುದಿಯನ್ನು ಒಂಚೂರು ತಗ್ಗಿಸಿದೆ. ಜೋಮು ಹೋಯಿತು.

ಆಷಾಢದ ಗಾಳಿ ಬೇರೆ ಪರೀಕ್ಷೆ. ನಮ್ಮ ಕಡೆ ಅದು ಪಶ್ಚಿಮದಿಂದ ಬೀಸುತ್ತದೆ. ಶಿಡ್ಲಘಟ್ಟದ ಕಡೆ ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ. ಹೋಗುವಾಗ ಸಿಕ್ಕಿದ್ದು ಬರುವಾಗ ಹೋಗುತ್ತೆ, ಲೆಕ್ಕ ಸಮ ಅಂತ ಜನ ಅಂದುಕೊಳ್ಳುತ್ತಾರೆ. ಸಮ ಆಗಲ್ಲ. ಹತ್ತು ಕಿಲೋಮೀಟರ್ 40ರ ವೇಗದಲ್ಲಿ ಹೋದರೆ 15 ನಿಮಿಷ, ತಿರುಗಿ 24ರಲ್ಲಿ ಬಂದರೆ 25 ನಿಮಿಷ. ಸರಾಸರಿ 32 ಅಲ್ಲ, 30. ಎದುರು ಗಾಳಿಯಲ್ಲಿ ಕಳೆಯುವ ಹೊತ್ತೇ ಜಾಸ್ತಿ. ಆ ಇಪ್ಪತ್ತೈದು ನಿಮಿಷದಲ್ಲೇ ಕೊಂಬಿನ ಬೆಲೆ ಗೊತ್ತಾಗುವುದು. ಆದರೆ ಗಾಳಿ ಪಕ್ಕದಿಂದ ಹೊಡೆದರೆ ಕೊಂಬು ಬಿಟ್ಟು ಹ್ಯಾಂಡಲ್ ಹಿಡಿದುಬಿಡಿ. ಕೊಂಬಿನ ಮೇಲೆ ಮೊಣಕೈ ಒಂದಕ್ಕೊಂದು ಹತ್ತಿರ ಇರುವುದರಿಂದ ಮುಂದಿನ ಚಕ್ರ ಹಿಡಿತಕ್ಕೆ ಸಿಗುವುದಿಲ್ಲ. ಒಂದು ಸಲ ಬಸ್ಸು ದಾಟಿ ಹೋದಾಗ ಅದರ ಸೆಳೆತಕ್ಕೆ ಒಂದು ಮಾರು ಪಕ್ಕಕ್ಕೆ ಹೋಗಿದ್ದೆ.

ಕೊಂಬು ಹಿಡಿದಾಗ ಬ್ರೇಕು ಕೈಗೆ ಸಿಗಲ್ಲ ಅನ್ನುವುದನ್ನು ಮರೆಯಬಾರದು. ನಾಯಿ, ಬಣ್ಣ ಬಳಿಯದ ಹಂಪ್ಸ್, ಎಲ್ಲಕ್ಕೂ ಅರ್ಧ ಸೆಕೆಂಡ್ ತಡ. ಜನವರಿಯಲ್ಲಿ ರಸ್ತೆ ಮೇಲೆ ಹುರುಳಿ ಹರಡಿರುತ್ತಾರೆ, ವಾಹನ ಓಡಾಡಿ ಒಕ್ಕಣೆ ಆಗಲಿ ಅಂತ. ನಾನು ಮೂವತ್ತರಲ್ಲಿ ಅದರೊಳಕ್ಕೆ ನುಗ್ಗಿದೆ. ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು ಚೈನು ಕಚ್ಚಿತು, ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹುರುಳಿ ಆರಿಸುತ್ತಿದ್ದ ಅಜ್ಜಿ ಬಂದು ಮೊದಲು ನನ್ನನ್ನು ಎಬ್ಬಿಸಿದರು, ಆಮೇಲೆ ಬೈದರು. ಎರಡೂ ನ್ಯಾಯವೇ. ಗುಂಪಿನಲ್ಲಿ ಹೋಗುವಾಗಲಂತೂ ಕೊಂಬು ಮುಟ್ಟುವುದೇ ಇಲ್ಲ.

ಬಾಳಿಕೆ ವಿಷಯ. ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಆ ಕೈಯೇ ಮೊದಲ ವಾರ ಮೋಸ ಮಾಡಿತು. ಕ್ಲಾಂಪಿನ ಮೇಲೆ ಬಿಗಿತ 5 ನ್ಯೂಟನ್ ಮೀಟರ್ ಅಂತ ಬರೆದಿತ್ತು. ನಾನು ಬಸ್ಸಿಗೆ ಬಿಗಿದ ಹಾಗೆ ಬಿಗಿದೆ, ಥ್ರೆಡ್ ಹೋಯಿತು. ಬಿಗಿತ ಅಳೆದು ಬಿಗಿಯುವ ಟಾರ್ಕ್ ಸ್ಪ್ಯಾನರ್ ಇಲ್ಲದೆ ಮುಟ್ಟಬೇಡಿ. ಸ್ಪೇಸರ್ ಹಾಕಿದರೆ ಬೋಲ್ಟೂ ಅಷ್ಟೇ ಉದ್ದ ಆಗಬೇಕು. ಹಳೇ ಬೋಲ್ಟು ಎರಡೇ ಸುತ್ತು ಹಿಡಿದು ನಿಂತಿದ್ದರೆ ಅದು ಅಪಾಯ. ಹ್ಯಾಂಡಲ್ ಕಾರ್ಬನ್ ಆಗಿದ್ದರೆ ಏರೋಬಾರ್ ಹಾಕಬಹುದಾ ಅಂತ ಅದರ ಕೈಪಿಡಿ ನೋಡಿ, ಎಷ್ಟೋ ಹ್ಯಾಂಡಲ್‌ಗಳಿಗೆ ಹಾಕುವ ಹಾಗಿಲ್ಲ. ಮೂರು ವರ್ಷದಲ್ಲಿ ಕೊಳವೆ, ಕ್ಲಾಂಪ್ ಗಟ್ಟಿಮುಟ್ಟಾಗಿವೆ. ಮೆತ್ತೆ ಮಾತ್ರ ದಂಡ. ಬೆವರಿಗೆ ವೆಲ್ಕ್ರೋ ಒಂದು ಬೇಸಿಗೆಗೇ ಜೀವ ಬಿಟ್ಟಿತು. ಈಗ ಹಳೇ ಯೋಗ ಮ್ಯಾಟ್ ಕತ್ತರಿಸಿ, ಟೈಲರ್ ಹತ್ತಿರ ಬಟ್ಟೆ ಹೊಲಿಸಿ ಹಾಕಿದ್ದೇನೆ. ಮೂಲದ್ದಕ್ಕಿಂತ ಚೆನ್ನಾಗಿದೆ.

ಒಂದು ಸಂಕಟ ಬಾರಿನದ್ದಲ್ಲ, ಸ್ಪರ್ಧೆಗಳದ್ದು. ನಾನು ಹೋದ ಕಡೆಯೆಲ್ಲ ‘50 ದಾಟಿದವರು’ ಅಂತ ಒಂದೇ ಗುಂಪು. ಐವತ್ತೊಂದರವನ ಜೊತೆ ಅರವತ್ತನಾಲ್ಕರವನು. ಬ್ರಿಟನ್ನಿನಲ್ಲಿ ನಲವತ್ತು ದಾಟಿದವರ ಟೈಂ ಟ್ರಯಲ್‌ಗೇ ಒಂದು ಸಂಘವಿದೆ. ಅಲ್ಲಿ ವಯಸ್ಸಿಗೆ ತಕ್ಕ ಹಾಗೆ ಇಷ್ಟು ದೂರಕ್ಕೆ ಇಷ್ಟು ಸಮಯ ಅಂತ ಪಟ್ಟಿ ಇರುತ್ತದೆ. ನಿಮ್ಮ ವಯಸ್ಸಿನ ಸಮಯಕ್ಕಿಂತ ಎಷ್ಟು ಬೇಗ ಮುಗಿಸಿದಿರಿ ಅನ್ನುವುದೇ ಲೆಕ್ಕ. ಎಪ್ಪತ್ತರವರು ನಲವತ್ತೈದರವರನ್ನು ಸೋಲಿಸಬಹುದು. ಇಲ್ಲಿ ಅದು ಬರುವವರೆಗೆ ನನ್ನ ಪೈಪೋಟಿ 38:20ರ ಜೊತೆಗೇ.

ಡಿಪೋದ ಹಳೇ ಸ್ನೇಹಿತರೊಬ್ಬರು, ನನಗಿಂತ ಎರಡು ವರ್ಷ ಚಿಕ್ಕವರು, ‘ನಾನೂ ತಗೊಳ್ಲೇನಣ್ಣ?’ ಅಂತ ಕೇಳಿದರು. ‘ದುಡ್ಡು ಆಮೇಲೆ. ಮೊದಲು ಕುರ್ಚಿ ಮೇಲೆ ಕೂತು, ಮೊಣಕೈ ತೊಡೆ ಮೇಲೆ ಊರಿ, ಎದುರಿನ ಗೋಡೆ ಗಡಿಯಾರವನ್ನೇ ಹತ್ತು ನಿಮಿಷ ನೋಡಿ’ ಅಂದೆ. ಆರನೇ ನಿಮಿಷಕ್ಕೆ ಕತ್ತು ಹಿಡಿದುಕೊಂಡು ಎದ್ದರು. ಈಗ ದಿನಾ ಬೆಳಿಗ್ಗೆ ಗಡಿಯಾರ ನೋಡುತ್ತಿದ್ದಾರಂತೆ. ಎಂಟು ನಿಮಿಷಕ್ಕೆ ಬಂದಿದ್ದಾರೆ.