ಈಕ್ವಿನಾಕ್ಸ್ 800, ಮೂರು ಕಾಯಿಲ್, ನಾಲ್ಕು ವರ್ಷ: ನನಗೆ ಚಿನ್ನ ಕೊಟ್ಟಿದ್ದು ಯಾವುದು?

ಮೆಟಲ್ ಡಿಟೆಕ್ಟರ್ (ಲೋಹ ಪತ್ತೆ ಯಂತ್ರ) ತುದಿಯಲ್ಲಿ, ನೆಲದ ಮೇಲೆ ಆಡಿಸುವ ತಟ್ಟೆಯೇ ಕಾಯಿಲ್. ಅದು ದೊಡ್ಡದಾದಷ್ಟೂ ಚಿನ್ನ ಜಾಸ್ತಿ ಅಂತ ನಂಬಿದ್ದೆ. ಅದಕ್ಕೇ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಡಿಟೆಕ್ಟರ್ ಜೊತೆ ಬಂದ 11 ಇಂಚಿನದು ಸಾಲದು ಎಂದು ಮೊದಲು 15 ಇಂಚಿನ ಕಾಯಿಲ್ ಕೊಂಡೆ. 6 ಇಂಚಿನದು ತಂದಿದ್ದು ಒಂದು ವರ್ಷದ ಮೇಲೆ. ಇವತ್ತು ನನ್ನ ಡಬ್ಬಿಯಲ್ಲಿರುವ ಚಿನ್ನದ ಚೂರುಗಳಲ್ಲಿ ಹೆಚ್ಚಿನವು ಆ ಪುಟ್ಟ ಕಾಯಿಲ್‌ನಿಂದ ಸಿಕ್ಕವು.

ನಾನಿರುವುದು ಮೆಲ್ಬರ್ನ್‌ನಲ್ಲಿ. ರಜೆ ಬಂದರೆ ಡನಾಲಿ, ಮೊಲಿಯಾಗುಲ್ ಕಡೆಯ ಕಾಡಿಗೆ ಹೋಗುತ್ತೇನೆ. 1850ರ ದಶಕದಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದ ಸೀಮೆ ಇದು. ನಮ್ಮ ಕೋಲಾರದಲ್ಲಿ ಚಿನ್ನ ತೆಗೆದದ್ದು ಪಾತಾಳದಷ್ಟು ಆಳದ ಬಂಡೆಯಿಂದ. ಇಲ್ಲಿ ಮೇಲ್ಮಣ್ಣಿನಲ್ಲೂ ಸಿಗುತ್ತದೆ. 1869ರಲ್ಲಿ ಮೊಲಿಯಾಗುಲ್‌ನಲ್ಲಿ ಸಿಕ್ಕ ‘ವೆಲ್‌ಕಮ್ ಸ್ಟ್ರೇಂಜರ್’ ಗಟ್ಟಿ 70 ಕಿಲೋಗಿಂತ ಜಾಸ್ತಿ ತೂಗಿತ್ತು. ಅದು ಇದ್ದದ್ದು ಮರದ ಬುಡದಲ್ಲಿ, ಒಂದೆರಡು ಇಂಚು ಮಣ್ಣಿನ ಕೆಳಗೆ!

ಹಾಗಾದರೆ ಆಳ ಬೇಡವೇ? ಬೇಕು. ಆದರೆ ದೊಡ್ಡ ಕಾಯಿಲ್‌ನ ಆಳ ದೊಡ್ಡ ವಸ್ತುವಿಗೆ ಮಾತ್ರ. ಅದರ ಕಾಂತಕ್ಷೇತ್ರ ಅಗಲಕ್ಕೆ ಹರಡಿಕೊಳ್ಳುವುದರಿಂದ ಸಣ್ಣ ಚೂರಿನ ಸದ್ದು ಕ್ಷೀಣವಾಗುತ್ತದೆ. ಇಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಬೇರೆ ಜಾಸ್ತಿ. ಕಾಯಿಲ್ ದೊಡ್ಡದಾದಷ್ಟೂ ಅಷ್ಟು ಮಣ್ಣನ್ನೂ ಒಟ್ಟಿಗೆ ಓದಬೇಕು. ಹೆಡ್‌ಫೋನ್‌ನಲ್ಲಿ ಗದ್ದಲ ಶುರುವಾಗುತ್ತದೆ. ಅದಕ್ಕೆಂದು ಯಂತ್ರದ ಸೆನ್ಸಿಟಿವಿಟಿ (ಸಣ್ಣ ಸುಳಿವನ್ನೂ ಹಿಡಿಯುವ ಶಕ್ತಿ) ಇಳಿಸಿದರೆ, ದುಡ್ಡು ಕೊಟ್ಟು ತಂದ ಆಳವೇ ಹೋಯಿತು ಅಲ್ವಾ?

ಒಂದು ಹಳೆಯ ಗುಂಡಿಯ ಸುತ್ತ 15 ಇಂಚಿನದು ಹಿಡಿದು ಮೂರು ಸಲ ಓಡಾಡಿದ್ದೆ. ಬರೀ ತುಕ್ಕು ಮೊಳೆ. ಮೊಳೆಯೂ ಪಕ್ಕದ ಚೂರೂ ಒಂದೇ ಸಲ ಕಾಯಿಲ್‌ನ ಕೆಳಗೆ ಬಂದರೆ ಮೊಳೆಯ ಸದ್ದೇ ಗೆಲ್ಲುತ್ತದೆ. ಅದೇ ಜಾಗದಲ್ಲಿ 6 ಇಂಚಿನದನ್ನು ನೆಲಕ್ಕೆ ತಾಗುವಷ್ಟು ಹತ್ತಿರ, ನಿಧಾನವಾಗಿ ಆಡಿಸಿದೆ. ಎರಡು ಮೊಳೆಗಳ ನಡುವೆ ತೆಳ್ಳನೆಯ, ಸ್ವಚ್ಛವಾದ ಒಂದು ಸದ್ದು. ಅಕ್ಕಿ ಕಾಳಿನಷ್ಟು ಚಿನ್ನ! ಕೈ ನಡುಗಿತು. ಪೊದೆಯ ಬುಡ, ಬೇರಿನ ಸಂದು, ಕಲ್ಲಿನ ಎಡೆ, ಇಲ್ಲೆಲ್ಲ ಬೇರೆ ಕಾಯಿಲ್ ತೂರುವುದೇ ಇಲ್ಲ.

ಆದರೆ 6 ಇಂಚಿನದಕ್ಕೆ ತಾಳ್ಮೆ ಬೇಕು. ಒಂದು ಬೀಸಿಗೆ ಅದು ನೋಡುವುದು ಸಣ್ಣ ಪಟ್ಟಿ. ಟೆನಿಸ್ ಕೋರ್ಟ್‌ನಷ್ಟು ಜಾಗಕ್ಕೆ ನನಗೆ ಅರ್ಧ ದಿನ ಹಿಡಿಯುತ್ತದೆ. ಹೊಸ ಜಾಗ ನೋಡುವಾಗ ಈಗಲೂ 11 ಇಂಚಿನದೇ ಹಾಕುತ್ತೇನೆ, ಸದ್ದು ಸಿಕ್ಕ ಕಡೆ 6ಕ್ಕೆ ಬದಲಿಸುತ್ತೇನೆ. 15 ಇಂಚಿನದು ಕಸ ಕಡಿಮೆ ಇರುವ ಬಯಲಿಗೆ, ಸಮುದ್ರತೀರದ ಒಣ ಮರಳಿಗೆ ಚೆನ್ನ. ಕಾಡಿಗೆ ಅದನ್ನು ತೆಗೆದುಕೊಂಡು ಹೋಗಿ ಎರಡು ವರ್ಷವಾಯಿತು.

ಒಂದೇ ಕಾಯಿಲ್‌ಗೆ ದುಡ್ಡಿದ್ದರೆ 6 ಇಂಚಿನದನ್ನೇ ತೆಗೆದುಕೊಳ್ಳಿ. ಜೊತೆಗೆ ಇಲ್ಲಿ ಚಿನ್ನ ಹುಡುಕಲು ಬೇಕಾದ ‘ಮೈನರ್ಸ್ ರೈಟ್’ ಪರವಾನಗಿಯನ್ನೂ ಮಾಡಿಸಿ, 10 ವರ್ಷ ನಡೆಯುತ್ತದೆ. ಅಗೆದ ಗುಂಡಿಯನ್ನು ಮುಚ್ಚಿಯೇ ಮುಂದೆ ಹೋಗಿ. ಕಾಂಗರೂಗಳು ಓಡಾಡುವ ಜಾಗ ಅದು.