ಡೊಮೇನ್ ಹೆಸರಿಗೆ ಎಷ್ಟು ಕೇಳಬೇಕು? ನನ್ನ ಓಟು ಹಳೆಯ ಮಾರಾಟದ ಲೆಕ್ಕಕ್ಕೆ

ನನ್ನ ಹತ್ತಿರ ಇದ್ದ ಒಂದು ಡಾಟ್ ಇನ್ ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟ್ ವಿಳಾಸವನ್ನು, ಈಚೆಗೆ ಜಯನಗರದ ಒಬ್ಬ ಕೇಟರಿಂಗ್‌ನವರಿಗೆ 35,000 ರೂಪಾಯಿಗೆ ಮಾರಿದೆ. ಅಡುಗೆಗೆ ಸಂಬಂಧಪಟ್ಟ ಎರಡು ಕನ್ನಡ ಪದ ಸೇರಿದ ಹೆಸರು. ಬೆಲೆ ಕಟ್ಟಲು ಮೂರು ದಾರಿ ನೋಡಿದ್ದೆ. ಹಳೆಯ ಮಾರಾಟಗಳ ದಾಖಲೆ ನೋಡಿ ಒಂದು ಬೆಲೆ ಹಾಕಿದ್ದೇ ಕೆಲಸಕ್ಕೆ ಬಂತು.

ಮೊದಲನೆಯದು, ಹೆಸರು ಹಾಕಿದರೆ ಬೆಲೆ ಹೇಳುವ ಉಚಿತ ಅಂದಾಜು ಟೂಲ್‌ಗಳು. ಅವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಗ್ಲಿಷ್ ಪದದ ಡಾಟ್ ಕಾಮ್ ಆದರೆ ಒಂದು ಸುಳಿವು ಸಿಗಬಹುದು. ನನ್ನ ಹೆಸರಿಗೆ ಒಂದು ಟೂಲ್ ಹೇಳಿದ್ದಕ್ಕೂ ಇನ್ನೊಂದು ಹೇಳಿದ್ದಕ್ಕೂ ಅಜಗಜಾಂತರ.

ಎರಡನೆಯದು, ಬೆಲೆ ಹಾಕದೆ 'ಆಫರ್ ಕೊಡಿ' ಅಂತ ಬಿಡುವುದು. ಕೇಳಲು ಚೆನ್ನಾಗಿದೆ. ಆದರೆ ಇಲ್ಲಿ ಒಂದು ಕಾಟ ಇದೆ, ಹೊಸಬರಿಗೆ ಗೊತ್ತಿರಲೇಬೇಕು. ನನಗೆ ಬಂದ ಮೊದಲ ಮೇಲ್‌ನಲ್ಲೇ ಲಕ್ಷಗಟ್ಟಲೆ ಆಫರ್. ಚೌಕಾಸಿಯೇ ಇಲ್ಲ. ಎರಡನೇ ಮೇಲ್‌ನಲ್ಲಿ ಒಂದು ಷರತ್ತು: ಹೆಸರಿನ ಬೆಲೆಗೆ ಸರ್ಟಿಫಿಕೇಟ್ ಬೇಕು, ಅದೂ ಅವರು ಹೇಳಿದ ಕಡೆಯಿಂದಲೇ, ಫೀಸು ನಾನೇ ಕಟ್ಟಬೇಕು.

ಇದು ಬಹಳ ಹಳೆಯ ಮೋಸ. ಫೀಸು ಕಟ್ಟಿದ ಮೇಲೆ ಕೊಳ್ಳುವವರು ನಾಪತ್ತೆ. ನಿಜವಾಗಿ ಕೊಳ್ಳುವವರು ಎಸ್ಕ್ರೋ, ಅಂದರೆ ಮಧ್ಯಸ್ಥ ಸಂಸ್ಥೆಯ ಮೂಲಕ ದುಡ್ಡು ಇಡುತ್ತಾರೆ, ಹೆಸರು ಅವರ ಖಾತೆಗೆ ಬಂದ ಮೇಲೆ ಆ ದುಡ್ಡು ನಮಗೆ ಬರುತ್ತದೆ. ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ. ನಾನು ಕಟ್ಟಲಿಲ್ಲ. ಆದರೂ ಅಂಥ ಮೇಲ್‌ಗಳು ಬರುತ್ತಲೇ ಇದ್ದವು. ಅವುಗಳ ನಡುವೆ ಬಂದ ನಿಜವಾದ ಆಫರ್‌ಗಳು ಹೆಸರು ಉಳಿಸಿಕೊಳ್ಳಲು ವರ್ಷ ವರ್ಷ ಕಟ್ಟುವ ರಿನ್ಯೂವಲ್ ದುಡ್ಡಿಗೆ ಸ್ವಲ್ಪ ಮೇಲೆ, ಅಷ್ಟೇ. ಬೆಲೆ ಕಾಣದಿದ್ದರೆ ಎಲ್ಲರೂ ತಳದಿಂದಲೇ ಶುರು ಮಾಡುತ್ತಾರೆ, ಅಲ್ವಾ?

ಮೂರನೆಯದು ನನಗೆ ಇಷ್ಟವಾದದ್ದು. ಮನೆ ಕಟ್ಟುವ ಸೈಟ್ ಕೊಳ್ಳುವ ಮುಂಚೆ ಪಕ್ಕದ ಸೈಟ್ ಎಷ್ಟಕ್ಕೆ ಹೋಯ್ತು ಅಂತ ವಿಚಾರಿಸುವ ಹಾಗೆಯೇ ಇದು. ನೇಮ್‌ಬಯೋ ಅನ್ನುವ ವೆಬ್‌ಸೈಟ್‌ನಲ್ಲಿ ಹಳೆಯ ಡೊಮೇನ್ ಮಾರಾಟಗಳ ದಾಖಲೆ ಸಿಗುತ್ತದೆ. ಡಾಟ್ ಇನ್ ಮಾತ್ರ ಆರಿಸಿ, ಉದ್ದ ನೋಡಿ, ಈಚಿನ ವರ್ಷಗಳನ್ನಷ್ಟೇ ಇಟ್ಟುಕೊಂಡೆ. ಎಲ್ಲಿ ಮಾರಾಟವಾಯಿತು ಎಂಬ ಕಾಲಮ್ ತುಂಬಾ ಮುಖ್ಯ. ಹರಾಜಿನಲ್ಲಿ ಹೋದದ್ದು ಹೆಚ್ಚಾಗಿ ಹೆಸರು ಕೊಂಡು ಮತ್ತೆ ಮಾರುವ ವ್ಯಾಪಾರಿಗಳ ಬೆಲೆ, ಅಂಗಡಿಯವರೋ ಕಂಪನಿಯವರೋ ಸ್ವಂತ ಬಳಕೆಗೆ ಕೊಳ್ಳುವ ಬೆಲೆ ಅದಕ್ಕಿಂತ ಮೇಲಿರುತ್ತದೆ. ಗುಟ್ಟಾಗಿ ನಡೆದ ಮಾರಾಟಗಳು ಇದರಲ್ಲಿ ಇರುವುದಿಲ್ಲ. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರ್‌ಗೆ ಹೋಯಿತು. ಅಂಥದ್ದನ್ನು ನೋಡಿ ಆಸೆಪಟ್ಟರೆ ಹೆಸರು ನಮ್ಮ ಹತ್ತಿರವೇ ಉಳಿಯುತ್ತದೆ.

ಸಿಕ್ಕ ಬೆಲೆಗಳ ನಡುವಿನದನ್ನು ಹಿಡಿದು, ಮಾರಾಟ ತಾಣದ ಕಮಿಷನ್ ಸೇರಿಸಿ, ಬೆಲೆ ಬಹಿರಂಗವಾಗಿ ಹಾಕಿದೆ. ಕೇಟರಿಂಗ್‌ನವರು ಒಂದೇ ಫೋನಿನಲ್ಲಿ ಒಪ್ಪಿದರು. ಇನ್ನೂ ಜಾಸ್ತಿ ಸಿಗುತ್ತಿತ್ತೇನೋ. ಆದರೆ ಕೆಲಸ ಮುಗಿಸಿ ಮನೆಗೆ ಬಂದು ರಾತ್ರಿ ಚೌಕಾಸಿಗೆ ಕೂರುವ ವ್ಯವಧಾನ ನನಗಿಲ್ಲ. ವರ್ಷ ವರ್ಷ ರಿನ್ಯೂವಲ್ ಕಟ್ಟುತ್ತಾ ಕಾಯುವಷ್ಟು ದುಡ್ಡೂ ಇಲ್ಲ. ಕಾಯಬಲ್ಲವರು, ಚಿಕ್ಕ ಇಂಗ್ಲಿಷ್ ಪದದ ಡಾಟ್ ಕಾಮ್ ಇರುವವರು ಬ್ರೋಕರ್ ಹಿಡಿಯುವುದೇ ವಾಸಿ.